ಯು-47: ಲೆಕ್ಕಕ್ಕೆ ಸಿಗದ ಜಲಾಂತರ್ಗಾಮಿ

ಇವತ್ತಿನ ಎಪಿಸೋಡಲ್ಲಿ ಒಂದು ಜರ್ಮನ್ ಜಲಾಂತರ್ಗಾಮಿಯ ಕತೆ. ಹೆಸರು ಯು-47. ಹೆಸರು ಅನ್ನೋದಕ್ಕಿಂತ ನಂಬರ್ ಅನ್ನಬೇಕು. ಎರಡನೇ ಮಹಾಯುದ್ಧ ಶುರುವಾದ 1939ರ ಸೆಪ್ಟೆಂಬರ್‌ನಿಂದ 1941ರ ಮಾರ್ಚ್‌ವರೆಗೆ, ಬರೀ ಹದಿನೆಂಟು ತಿಂಗಳು ಅದು ಯುದ್ಧದಲ್ಲಿತ್ತು. ಅಷ್ಟರಲ್ಲಿ ಹತ್ತು ಸಲ ಬೇಟೆಗೆ ಹೊರಟಿತು, ಒಂಬತ್ತು ಸಲ ವಾಪಸ್ ಬಂತು. ಹತ್ತನೇ ಸಲ ಬರಲಿಲ್ಲ. ಒಳಗಿದ್ದ 45 ಜನರಲ್ಲಿ ಒಬ್ಬರೂ ಬರಲಿಲ್ಲ. ಅದರ ಅವಶೇಷ ಇವತ್ತಿನವರೆಗೂ ಸಿಕ್ಕಿಲ್ಲ.

ಇಂಟರ್ನೆಟ್‌ನಲ್ಲಿ ಹುಡುಕಿದ್ರೆ ಇದರ ಬಗ್ಗೆ ‘ನಿಗೂಢ’, ‘ರಹಸ್ಯ’ ಅನ್ನೋ ತಲೆಬರಹದ ವಿಡಿಯೊಗಳು ಬೇಕಾದಷ್ಟು ಸಿಗ್ತವೆ. ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ ವಿಷಯ. ಯುದ್ಧ ಮುಗಿದು ಎಷ್ಟೋ ವರ್ಷಗಳವರೆಗೆ ಈ ಕತೆಯಲ್ಲಿ ನಿಗೂಢ ಅನ್ನೋದೇ ಇರಲಿಲ್ಲ. ಯಾವ ಹಡಗು ಮುಳುಗಿಸಿತು, ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಅಂತ ಎಲ್ಲವೂ ದಾಖಲೆಯಲ್ಲಿ ಬರೆದಿತ್ತು. ಪುಸ್ತಕಗಳಲ್ಲೂ ಅದೇ ಅಚ್ಚಾಯ್ತು. ಆಮೇಲೆ ಆ ದಾಖಲೆ ತಪ್ಪು ಅಂತ ಗೊತ್ತಾಯ್ತು. ಅಂದ್ರೆ ಇಲ್ಲಿ ಉತ್ತರ ಮೊದಲು ಬಂತು, ಪ್ರಶ್ನೆ ಆಮೇಲೆ ಬಂತು.

ನಾನು ಓದಿದ್ದು ಬಿ.ಕಾಂ. ಹಾಗಾಗಿ ನನಗೆ ಇತಿಹಾಸ ಓದುವಾಗಲೂ ಲೆಡ್ಜರ್ ಕಣ್ಣ ಮುಂದೆ ಬರುತ್ತೆ. ಕಾಮರ್ಸ್ ಓದಿದವರಿಗೆ ಸಸ್ಪೆನ್ಸ್ ಅಕೌಂಟ್ ಗೊತ್ತಿರುತ್ತೆ. ಓದದವರಿಗೆ ಒಂದೇ ಮಾತಲ್ಲಿ ಹೇಳ್ತೀನಿ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದೆ ಒಂದಷ್ಟು ಮೊತ್ತ ವ್ಯತ್ಯಾಸ ಬಂತು ಅನ್ಕೊಳ್ಳಿ. ತಪ್ಪು ಎಲ್ಲಿದೆ ಅಂತ ಸಿಗೋವರೆಗೂ ಆ ಮೊತ್ತವನ್ನ ಸಸ್ಪೆನ್ಸ್ ಅಕೌಂಟ್‌ನಲ್ಲಿ ಇಡ್ತಾರೆ. ಯಾವುದೋ ಒಂದು ಖಾತೆಗೆ ತಳ್ಳಿ ಲೆಕ್ಕ ಸರಿಹೋಯ್ತು ಅನ್ನೋ ಹಾಗಿಲ್ಲ. ಯು-47ರ ವಿಷಯದಲ್ಲಿ ಆಗಿದ್ದು ಆ ತಳ್ಳುವ ಕೆಲಸವೇ. ಒಂದು ಕಡೆಯಿಂದಲ್ಲ, ಮೂರು ಕಡೆಯಿಂದ.

ಕೆಲಸವಿಲ್ಲದ ಕ್ಯಾಪ್ಟನ್

ಮೊದಲು ಜಲಾಂತರ್ಗಾಮಿ ಹೇಗಿತ್ತು ಅಂತ ನೋಡೋಣ. ಜರ್ಮನಿಯ ಕೀಲ್ ಬಂದರಿನಲ್ಲಿ ಕ್ರುಪ್ ಕಂಪನಿಯ ಹಡಗುಕಟ್ಟೆಯಲ್ಲಿ ತಯಾರಾಗಿ 1938ರ ಡಿಸೆಂಬರ್‌ನಲ್ಲಿ ನೌಕಾಪಡೆಗೆ ಸೇರಿತು. ಉದ್ದ 66.5 ಮೀಟರ್. ಮುಂದೆ ನಾಲ್ಕು, ಹಿಂದೆ ಒಂದು ಟಾರ್ಪೆಡೊ ಕೊಳವೆ. ಸಿನಿಮಾ ನೋಡಿ ನಮಗೆಲ್ಲ ಸಬ್‌ಮರೀನ್ ಅಂದ್ರೆ ಸದಾ ನೀರೊಳಗೇ ಇರುತ್ತೆ ಅನ್ನೋ ಕಲ್ಪನೆ ಇದೆ. ಆಗಿನವು ಹಾಗಿರಲಿಲ್ಲ. ಹೆಚ್ಚು ಹೊತ್ತು ನೀರಿನ ಮೇಲೆಯೇ ಡೀಸೆಲ್ ಎಂಜಿನ್‌ನಲ್ಲಿ ಓಡ್ತಿದ್ದವು. ಅಡಗಿಕೊಳ್ಳೋಕೆ, ಹಗಲು ದಾಳಿ ಮಾಡೋಕೆ ಮಾತ್ರ ಮುಳುಗ್ತಿದ್ದವು. ನೀರೊಳಗೆ ಬ್ಯಾಟರಿಯೇ ಗತಿ. ವೇಗ ಅರ್ಧಕ್ಕಿಂತ ಕಮ್ಮಿ, ಅದೂ ಸ್ವಲ್ಪ ಹೊತ್ತು. ಈ ವಿಷಯ ನೆನಪಿಡಿ, ಮುಂದೆ ಬೇಕಾಗುತ್ತೆ.

ಇದರ ಕ್ಯಾಪ್ಟನ್ ಗ್ಯುಂಟರ್ ಪ್ರೀನ್. ಹುಟ್ಟಿದ್ದು 1908ರಲ್ಲಿ. ಹದಿಹರೆಯದಲ್ಲೇ ವ್ಯಾಪಾರಿ ಹಡಗು ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಹತ್ತಿ, ಹಡಗು ನಡೆಸೋ ಸರ್ಟಿಫಿಕೇಟ್ ತಗೊಂಡ. ಅಷ್ಟೊತ್ತಿಗೆ 1929ರ ಆರ್ಥಿಕ ಕುಸಿತ ಜಗತ್ತನ್ನೇ ಹಿಡಿದಿತ್ತು. ಸರಕಿಲ್ಲ, ಹಡಗುಗಳಿಗೆ ಕೆಲಸವಿಲ್ಲ, ಸರ್ಟಿಫಿಕೇಟ್ ಇದ್ದೂ ಇವನಿಗೆ ಕೆಲಸವಿಲ್ಲ. 1932ರಲ್ಲಿ ನಾಜಿ ಪಕ್ಷ ಸೇರಿದ. 1933ರ ಜನವರಿಯಲ್ಲಿ ನೌಕಾಪಡೆಯಲ್ಲಿ ಸಾಮಾನ್ಯ ನಾವಿಕನಾಗಿ ಮತ್ತೆ ಮೊದಲಿಂದ ಶುರು ಮಾಡಿದ. ಇವನನ್ನ ಬರೀ ಸಾಹಸಿ ನಾವಿಕ ಅಂತ ತೋರಿಸೋ ವಿಡಿಯೊಗಳು ಈ ಪಕ್ಷದ ವಿಷಯವನ್ನ ಬಿಟ್ಟುಬಿಡ್ತವೆ. ಅದಕ್ಕೇ ಇಲ್ಲೇ ಹೇಳಿಬಿಟ್ಟೆ.

ಸ್ಕಾಪಾ ಫ್ಲೋದ ಆ ರಾತ್ರಿ

ಸ್ಕಾಟ್ಲೆಂಡಿನ ಉತ್ತರಕ್ಕೆ ಓರ್ಕ್ನಿ ದ್ವೀಪಗಳಿವೆ. ಆ ದ್ವೀಪಗಳ ನಡುವೆ ದೊಡ್ಡ ಕೆರೆಯ ಹಾಗೆ ಸಮುದ್ರ ನಿಂತಿದೆ. ಅದೇ ಸ್ಕಾಪಾ ಫ್ಲೋ, ಬ್ರಿಟಿಷ್ ನೌಕಾಪಡೆಯ ಮನೆಯಂಗಳ. ಮೊದಲ ಮಹಾಯುದ್ಧದಲ್ಲಿ ಅಲ್ಲಿಗೆ ನುಗ್ಗೋಕೆ ಹೋದ ಎರಡು ಜರ್ಮನ್ ಜಲಾಂತರ್ಗಾಮಿಗಳು ನಾಶವಾಗಿದ್ದವು. ಜರ್ಮನಿ ಸೋತ ಮೇಲೆ ಅದರ ನೌಕಾಪಡೆಯನ್ನ ತಂದು ನಿಲ್ಲಿಸಿದ್ದೂ, 1919ರಲ್ಲಿ ಜರ್ಮನ್ ನಾವಿಕರು ತಮ್ಮ ಹಡಗುಗಳನ್ನ ತಾವೇ ಮುಳುಗಿಸಿಕೊಂಡಿದ್ದೂ ಅಲ್ಲೇ. ಹಾಗಾಗಿ ಜರ್ಮನ್ನರಿಗೆ ಆ ಜಾಗದ ಮೇಲೆ ಹಳೇ ಸಿಟ್ಟಿತ್ತು.

ಜಲಾಂತರ್ಗಾಮಿ ಪಡೆಯ ಮುಖ್ಯಸ್ಥ ಕಾರ್ಲ್ ಡೋನಿಟ್ಜ್ ವಿಮಾನದಿಂದ ತೆಗೆದ ಫೋಟೊಗಳನ್ನ ನೋಡಿ ಒಂದು ಸಂದಿ ಹುಡುಕಿದ. ಅದರ ಹೆಸರು ಕರ್ಕ್ ಸೌಂಡ್. ದಾರಿ ಮುಚ್ಚೋಕೆ ಅಂತ ಹಳೇ ಹಡಗುಗಳನ್ನ ಬ್ರಿಟಿಷರು ಅಲ್ಲಿ ಮುಳುಗಿಸಿದ್ದರು. ಅವುಗಳ ನಡುವೆ ಕಿರಿದಾದ ದಾರಿ ಉಳಿದಿತ್ತು. 1939ರ ಅಕ್ಟೋಬರ್ 13ರ ರಾತ್ರಿ, ಉಬ್ಬರದ ನೀರು ನೋಡಿಕೊಂಡು, ಯು-47 ನೀರಿನ ಮೇಲೆಯೇ ತೇಲ್ತಾ ಆ ಸಂದಿಯೊಳಗೆ ನುಗ್ಗಿತು. ಚಂದ್ರನಿಲ್ಲದ ರಾತ್ರಿ ಅಂತಲೇ ಆರಿಸಿದ್ದರು. ಆದ್ರೆ ಆಕಾಶದಲ್ಲಿ ಧ್ರುವಪ್ರಭೆ ಮೂಡಿ, ಇಡೀ ಕೊಲ್ಲಿ ಬೆಳಕಾಗಿತ್ತು.

ಒಳಗೆ ಹೋದ್ರೆ ನಿರಾಸೆ. ದೊಡ್ಡ ಹಡಗುಗಳೆಲ್ಲ ಬೇರೆ ಕಡೆ ಹೊರಟುಹೋಗಿದ್ದವು. ಸಿಕ್ಕಿದ್ದು ರಾಯಲ್ ಓಕ್ ಅನ್ನೋ ಹಳೇ ಯುದ್ಧನೌಕೆ. ಅಕ್ಟೋಬರ್ 14ರ ನಡುರಾತ್ರಿ ಒಂದು ಗಂಟೆಯ ಹೊತ್ತಿಗೆ ಮೊದಲ ಟಾರ್ಪೆಡೊಗಳು ಹೋದವು. ಒಂದು ಮಾತ್ರ ಹಡಗಿನ ಮೂತಿಗೆ ತಗುಲಿತು. ಹಡಗಿನವರು ಒಳಗೇ ಏನೋ ಸಣ್ಣ ಸ್ಫೋಟ ಆಗಿದೆ ಅನ್ಕೊಂಡ್ರು. ಎದ್ದ ಎಷ್ಟೋ ಜನ ಮತ್ತೆ ಹೋಗಿ ಮಲಗಿದ್ರು. ತಮ್ಮ ಮನೆಯಂಗಳದಲ್ಲಿ ಶತ್ರು ಬಂದು ನಿಂತಿದ್ದಾನೆ ಅಂತ ಯಾರು ತಾನೇ ಊಹಿಸ್ತಾರೆ? ಪ್ರೀನ್ ಅಲ್ಲೇ ಸುತ್ತು ಹೊಡೆದು, ಕೊಳವೆಗಳಿಗೆ ಮತ್ತೆ ಟಾರ್ಪೆಡೊ ತುಂಬಿಸಿ, ಎರಡನೇ ಸಲ ಹೊಡೆದ. ಈ ಸಲ ಮೂರು ತಗುಲಿದವು. ಹದಿಮೂರು ನಿಮಿಷಕ್ಕೆ ರಾಯಲ್ ಓಕ್ ಮಗುಚಿ ಮುಳುಗಿತು.

ಸತ್ತವರು 835 ಜನ. ಅದರಲ್ಲಿ ನೂರಕ್ಕೂ ಹೆಚ್ಚು ಮಂದಿ ಹದಿನೆಂಟು ತುಂಬದ ಹುಡುಗರು. ಬ್ರಿಟಿಷ್ ನೌಕಾಪಡೆಯಲ್ಲಿ ಆಗ ‘ಬಾಯ್’ ಅನ್ನೋದೇ ಒಂದು ದರ್ಜೆ. ಪಕ್ಕದಲ್ಲಿದ್ದ ಡೈಸಿ ಅನ್ನೋ ಚಿಕ್ಕ ದೋಣಿಯ ನಾಯಕ ಜಾನ್ ಗ್ಯಾಟ್ ಎಣ್ಣೆ ತುಂಬಿದ ನೀರಿನಿಂದ 386 ಜನರನ್ನ ಎತ್ತಿ ಉಳಿಸಿದ.

ಇಲ್ಲೇ ನಮ್ಮ ಕತೆಗೆ ಬೇಕಾದ ಒಂದು ಸಣ್ಣ ವಿಷಯ ಇದೆ. ಪ್ರೀನ್ ತನ್ನ ಲಾಗ್‌ಬುಕ್‌ನಲ್ಲಿ ಎರಡು ಹಡಗು ಹೊಡೆದೆ ಅಂತ ಬರೆದ. ಎರಡನೆಯದು ರಿಪಲ್ಸ್ ಅನ್ನೋ ಪ್ರಸಿದ್ಧ ಯುದ್ಧನೌಕೆ ಅನ್ಕೊಂಡಿದ್ದ. ಅಸಲಿಗೆ ರಿಪಲ್ಸ್ ಅವತ್ತು ಅಲ್ಲಿ ಇರಲೇ ಇಲ್ಲ. ಅವನು ದೂರದಿಂದ ನೋಡಿದ್ದು ಪೆಗಾಸಸ್ ಅನ್ನೋ ವಿಮಾನ ಸಾಗಿಸೋ ಹಡಗು. ಅದಕ್ಕೆ ಏಟೂ ಬಿದ್ದಿರಲಿಲ್ಲ. ಸ್ಥಳದಲ್ಲೇ ಇದ್ದವನು, ಕಣ್ಣಾರೆ ಕಂಡವನು, ತನ್ನ ಕೈಯಾರೆ ಬರೆದ ದಾಖಲೆಯೇ ತಪ್ಪಾಗಿತ್ತು. ಜರ್ಮನ್ ರೇಡಿಯೊ ಆ ತಪ್ಪನ್ನೇ ಜಗತ್ತಿಗೆಲ್ಲ ಸಾರಿತು.

ಬರ್ಲಿನ್‌ನಲ್ಲಿ ಪ್ರೀನ್‌ಗೆ ಮೆರವಣಿಗೆ, ಹಿಟ್ಲರ್ ಕೈಯಿಂದ ಪದಕ. ಬ್ರಿಟನ್‌ನಲ್ಲಿ ಅವಮಾನ. ಕಾವಲು ಸಡಿಲವಾಗಿತ್ತು, ಸಂದಿ ಮುಚ್ಚಿರಲಿಲ್ಲ ಅನ್ನೋದು ಸತ್ಯ. ಆದ್ರೆ ಅದನ್ನ ಒಪ್ಪಿಕೊಳ್ಳೋದು ಕಷ್ಟ. ಆಗ ಒಂದು ಕತೆ ಹುಟ್ಟಿತು. ಓರ್ಕ್ನಿಯ ಕರ್ಕ್‌ವಾಲ್ ಪಟ್ಟಣದಲ್ಲಿ ಗಡಿಯಾರ ರಿಪೇರಿ ಮಾಡ್ಕೊಂಡು ವರ್ಷಗಟ್ಟಲೆ ಕೂತಿದ್ದ ಒಬ್ಬ ಜರ್ಮನ್ ಗೂಢಚಾರ ದಾರಿ ತೋರಿಸಿದ ಅಂತ. 1942ರಲ್ಲಿ ಅಮೆರಿಕದ ಒಂದು ಪತ್ರಿಕೆಯಲ್ಲಿ ಇದು ಅಚ್ಚಾಗಿ, ಎಷ್ಟೋ ಜನ ನಿಜ ಅಂತ ನಂಬಿದ್ರು. ಅಂಥ ಗಡಿಯಾರದವನು ಕರ್ಕ್‌ವಾಲ್‌ನಲ್ಲಿ ಇರಲೇ ಇಲ್ಲ. ಆ ಊರಿನವರನ್ನ ಕೇಳಿದ್ರೆ ಸಾಕಿತ್ತು. ‘ನಮ್ಮ ಕಾವಲು ಸರಿ ಇರಲಿಲ್ಲ’ ಅನ್ನೋ ನಷ್ಟವನ್ನ ‘ದ್ರೋಹ’ ಅನ್ನೋ ಖಾತೆಗೆ ಬರೆದುಬಿಟ್ಟಿದ್ದರು. ನಾನು ಹೇಳಿದ ಮೂರು ಕಡೆಗಳಲ್ಲಿ ಇದು ಮೊದಲನೆಯದು.

ತನ್ನವರನ್ನೇ ಮುಳುಗಿಸಿದ ಟಾರ್ಪೆಡೊ

ಮುಂದಿನ ಒಂದೂವರೆ ವರ್ಷದಲ್ಲಿ ಯು-47 ಒಟ್ಟು 30 ವ್ಯಾಪಾರಿ ಹಡಗುಗಳನ್ನ ಮುಳುಗಿಸಿತು. ಟನ್ ಲೆಕ್ಕದಲ್ಲಿ 1,62,000ಕ್ಕೂ ಹೆಚ್ಚು. ಜಲಾಂತರ್ಗಾಮಿಗಳ ಇತಿಹಾಸದಲ್ಲಿ ಎಲ್ಲವನ್ನೂ ಟನ್‌ನಲ್ಲೇ ಅಳೀತಾರೆ. ಆ ಅಂಕಿಯೊಳಗೆ ಮನುಷ್ಯರು ಕಾಣಲ್ಲ. ಅದಕ್ಕೇ ಒಂದು ಹಡಗಿನ ಬಗ್ಗೆ ಹೇಳ್ತೀನಿ.

1940ರ ಜುಲೈ 2. ಐರ್ಲೆಂಡಿನ ವಾಯುವ್ಯಕ್ಕೆ ಅರಂಡೋರಾ ಸ್ಟಾರ್ ಅನ್ನೋ ಬ್ರಿಟಿಷ್ ಪ್ರಯಾಣಿಕ ಹಡಗು ಕೆನಡಾ ಕಡೆ ಹೋಗ್ತಿತ್ತು. ಅದರಲ್ಲಿ ಇದ್ದವರು ಬಹುಪಾಲು ಬ್ರಿಟನ್‌ನಲ್ಲಿ ವಾಸವಾಗಿದ್ದ ಇಟಾಲಿಯನ್ನರು ಮತ್ತು ಜರ್ಮನ್ನರು. ಹೋಟೆಲ್, ಐಸ್‌ಕ್ರೀಮ್ ಅಂಗಡಿ ಇಟ್ಕೊಂಡು ದಶಕಗಟ್ಟಲೆ ಅಲ್ಲೇ ಬದುಕಿದ್ದವರು ಅವರಲ್ಲಿದ್ದರು. ಹಿಟ್ಲರ್‌ನಿಂದ ತಪ್ಪಿಸಿಕೊಂಡು ಬಂದ ಜರ್ಮನ್ನರೂ ಇದ್ದರು. ಇಟಲಿ ಯುದ್ಧಕ್ಕೆ ಇಳಿದ ಕೂಡಲೇ ಬ್ರಿಟಿಷ್ ಸರ್ಕಾರ ‘ಶತ್ರು ದೇಶದವರು’ ಅಂತ ಇವರನ್ನೆಲ್ಲ ಹಿಡಿದು ಹಡಗು ಹತ್ತಿಸಿತ್ತು. ಯು-47 ವಾಪಸ್ ಹೋಗೋ ದಾರಿಯಲ್ಲಿತ್ತು, ಉಳಿದಿದ್ದ ಟಾರ್ಪೆಡೊ ಹಾರಿಸಿತು. 1,600ಕ್ಕೂ ಹೆಚ್ಚು ಜನರಲ್ಲಿ 800ಕ್ಕೂ ಹೆಚ್ಚು ಮಂದಿ ಸತ್ತರು. ಅರ್ಧಕ್ಕಿಂತ ಹೆಚ್ಚು ಇಟಾಲಿಯನ್ನರು. ಜರ್ಮನ್ ಜಲಾಂತರ್ಗಾಮಿ ಮಿತ್ರದೇಶದವರನ್ನೂ ತನ್ನ ದೇಶದವರನ್ನೂ ಒಟ್ಟಿಗೆ ಕೊಂದಿತ್ತು. ಆದ್ರೆ ಲೆಕ್ಕದ ಪುಸ್ತಕದಲ್ಲಿ ಅದು ಮುಳುಗಿದ ಇಷ್ಟು ಟನ್ ಶತ್ರು ಹಡಗು ಅಂತಲೇ ಸೇರಿತು.

ಟಾರ್ಪೆಡೊಗಳ ಬಗ್ಗೆಯೂ ಒಂದು ಮಾತು. ಆಗಿನ ಜರ್ಮನ್ ಟಾರ್ಪೆಡೊಗಳನ್ನ ನಂಬೋ ಹಾಗಿರಲಿಲ್ಲ. 1940ರ ಏಪ್ರಿಲ್‌ನಲ್ಲಿ ನಾರ್ವೆಯ ಒಂದು ಫ್ಯೋರ್ಡ್‌ನಲ್ಲಿ ಲಂಗರು ಹಾಕಿ ನಿಂತಿದ್ದ ಹಡಗುಗಳ ಸಾಲಿಗೆ ಪ್ರೀನ್ ಟಾರ್ಪೆಡೊ ಹೊಡೆದ್ರೂ ಒಂದೂ ತಗುಲಲಿಲ್ಲ. ಒಂದು ದಾರಿ ತಪ್ಪಿ ಬಂಡೆಗೆ ಬಡಿದು ಸಿಡಿಯಿತು. ಕೆಲವು ಬೇಗ ಸಿಡೀತಿದ್ದವು, ಕೆಲವು ತೀರಾ ಆಳಕ್ಕೆ ಹೋಗ್ತಿದ್ದವು. ಇದನ್ನೂ ನೆನಪಿಡಿ.

ಕೊನೆಯ ಸಂದೇಶ

1941ರ ಫೆಬ್ರವರಿ 20. ಆಗ ಜರ್ಮನ್ನರ ಕೈಯಲ್ಲಿದ್ದ ಫ್ರಾನ್ಸಿನ ಲೋರಿಯಾಂಟ್ ಬಂದರಿನಿಂದ ಯು-47 ಹತ್ತನೇ ಸಲ ಹೊರಟಿತು. ಮೊದಲ ವಾರದಲ್ಲೇ ಒಂದು ಕಾನ್ವಾಯ್ ಮೇಲೆ ಬಿದ್ದು ಮೂರು ಹಡಗು ಮುಳುಗಿಸಿತು. ಕಾನ್ವಾಯ್ ಅಂದ್ರೆ ಯುದ್ಧನೌಕೆಗಳ ಬೆಂಗಾವಲಲ್ಲಿ ಗುಂಪಾಗಿ ಹೋಗೋ ವ್ಯಾಪಾರಿ ಹಡಗುಗಳು.

ಮಾರ್ಚ್ 6ರ ಸಂಜೆ ಪ್ರೀನ್‌ಗೆ ಇನ್ನೊಂದು ಕಾನ್ವಾಯ್ ಕಂಡಿತು. ಬ್ರಿಟನ್‌ನಿಂದ ಹೊರಟ ಒಬಿ 293. ಡೋನಿಟ್ಜ್‌ನ ಪದ್ಧತಿ ಏನಂದ್ರೆ, ಕಂಡವನು ಒಬ್ಬನೇ ದಾಳಿ ಮಾಡಬಾರದು. ಹಿಂಬಾಲಿಸ್ತಾ ವೈರ್‌ಲೆಸ್‌ನಲ್ಲಿ ಜಾಗ ತಿಳಿಸ್ತಿರಬೇಕು. ಉಳಿದವರು ಬಂದು ಸೇರಿದ ಮೇಲೆ ತೋಳಗಳ ಹಿಂಡಿನ ಹಾಗೆ ಒಟ್ಟಿಗೆ ಬೀಳಬೇಕು. ಹಾಗೆ ಬಂದು ಸೇರಿದ್ದು ಯು-70, ಯು-99, ಮತ್ತು ಯುಎ. ಈ ಕೊನೆಯದರ ಹೆಸರು ಗಮನಿಸಿ. ಟರ್ಕಿಗೆ ಅಂತ ಕಟ್ಟಿ, ಯುದ್ಧ ಶುರುವಾದ ಮೇಲೆ ಜರ್ಮನಿಯೇ ಇಟ್ಕೊಂಡ ದೊಡ್ಡ ಜಲಾಂತರ್ಗಾಮಿ ಅದು.

ಈ ಸಲ ಬೆಂಗಾವಲು ಗಟ್ಟಿಯಾಗಿತ್ತು. ಮಾರ್ಚ್ 7ರ ಬೆಳಿಗ್ಗೆ ಕಮೀಲಿಯ ಮತ್ತು ಆರ್ಬ್ಯೂಟಸ್ ಅನ್ನೋ ಎರಡು ಪುಟ್ಟ ಕಾರ್ವೆಟ್ ಹಡಗುಗಳು ಯು-70ನ್ನ ಬೆನ್ನಟ್ಟಿ, ಡೆಪ್ತ್ ಚಾರ್ಜ್ ಹಾಕಿ ಮೇಲಕ್ಕೆ ಬರಿಸಿ ಮುಳುಗಿಸಿದವು. ಡೆಪ್ತ್ ಚಾರ್ಜ್ ಅಂದ್ರೆ ನೀರಿಗೆ ಹಾಕೋ ಡ್ರಮ್ಮಿನಂಥ ಬಾಂಬು. ಗೊತ್ತು ಮಾಡಿದ ಆಳಕ್ಕೆ ಹೋದ ಮೇಲೆ ಸಿಡಿಯುತ್ತೆ. ಯು-70ರ 25 ಜನ ಸೆರೆಸಿಕ್ಕರು, 20 ಜನ ಸತ್ತರು.

ಅವತ್ತೇ ಬೆಳಗಿನ ಜಾವ ಯು-47ರಿಂದ ಬಂದ ವೈರ್‌ಲೆಸ್ ಸಂದೇಶವೇ ಕೊನೆಯದು. ಆಮೇಲೆ ಸದ್ದಿಲ್ಲ. ಡೋನಿಟ್ಜ್‌ನ ಕಚೇರಿಯಿಂದ ‘ಯು-47, ಎಲ್ಲಿದ್ದೀರಿ ತಿಳಿಸಿ’ ಅಂತ ಮತ್ತೆ ಮತ್ತೆ ಸಂದೇಶ ಹೋಯ್ತು. ಉತ್ತರ ಬರಲಿಲ್ಲ.

ಉತ್ತರ ಬರದಿದ್ರೆ ಏನರ್ಥ? ಆಂಟೆನಾ ಮುರಿದಿರಬಹುದು. ಟ್ರಾನ್ಸ್‌ಮಿಟರ್ ಕೆಟ್ಟಿರಬಹುದು. ಶತ್ರು ಹತ್ತಿರ ಇದ್ದಾನೆ ಅಂತ ಬೇಕಂತಲೇ ಸುಮ್ಮನಿರಬಹುದು. ಇಲ್ಲವೇ ಸತ್ತಿರಬಹುದು. ಮೌನ ನಾಲ್ಕಕ್ಕೂ ಒಂದೇ ಥರ ಇರುತ್ತೆ. ಹಾಗಾಗಿ ಡೀಸೆಲ್, ಆಹಾರ ಮುಗಿಯೋವಷ್ಟು ದಿನ ಕಾಯಬೇಕು, ಅಷ್ಟೇ.

ಅಷ್ಟರಲ್ಲಿ ಮಾರ್ಚ್ 17ರಂದು ಇನ್ನೊಂದು ಹೊಡೆತ. ಬೇರೊಂದು ಕಾನ್ವಾಯ್ ಹತ್ತಿರ ಯು-99 ಮತ್ತು ಯು-100 ಒಂದೇ ರಾತ್ರಿ ಮುಳುಗಿದವು. ಯು-99ರ ಕ್ಯಾಪ್ಟನ್ ಓಟೊ ಕ್ರೆಚ್‌ಮರ್ ಸೆರೆಸಿಕ್ಕ, ಯು-100ರ ಯೋಆಖಿಮ್ ಶೆಪ್ಕೆ ಸತ್ತ. ಪ್ರೀನ್ ಜೊತೆ ಇವರಿಬ್ಬರೂ ಜರ್ಮನಿಯ ಮನೆಮಾತಾಗಿದ್ದವರು. ಹತ್ತು ಹನ್ನೊಂದು ದಿನದಲ್ಲಿ ಮೂವರೂ ಹೋದರು. ಯು-100ನ್ನ ಕತ್ತಲಲ್ಲಿ ಪತ್ತೆಹಚ್ಚಿದ್ದು ಬ್ರಿಟಿಷ್ ಹಡಗಿನಲ್ಲಿ ಹೊಸದಾಗಿ ಕೂರಿಸಿದ್ದ ರೇಡಾರ್. ಅದು ಡೋನಿಟ್ಜ್‌ಗೆ ಗೊತ್ತಿಲ್ಲ. ಹೊಸ ಆಯುಧವಾ, ಗುಪ್ತ ಭಾಷೆ ಬಯಲಾಯ್ತಾ, ಬರೀ ಕೆಟ್ಟ ಅದೃಷ್ಟವಾ? ಹೇಗೆ ಸತ್ತರು ಅಂತ ಗೊತ್ತಿಲ್ಲದಿದ್ರೆ ಉಳಿದವರನ್ನ ಹೇಗೆ ಉಳಿಸೋದು ಅಂತಲೂ ಗೊತ್ತಾಗಲ್ಲ. ತನ್ನ ಜಲಾಂತರ್ಗಾಮಿಗಳನ್ನ ಇನ್ನೂ ಪಶ್ಚಿಮಕ್ಕೆ ಸರಿಸೋದು ಬಿಟ್ಟು ಅವನಿಗೆ ಬೇರೆ ದಾರಿ ಹೊಳೆಯಲಿಲ್ಲ.

ಜನರಿಗೆ ಏನು ಹೇಳಿದ್ರು? ಏನೂ ಇಲ್ಲ. ಪ್ರೀನ್ ಸತ್ತ ಅಂತ ಜರ್ಮನಿ ಪ್ರಕಟಿಸಿದ್ದು ಮೇ 23ಕ್ಕೆ. ಕೊನೆಯ ಸಂದೇಶದಿಂದ ಲೆಕ್ಕ ಹಾಕಿದ್ರೆ ಸರಿಯಾಗಿ ಹನ್ನೊಂದು ವಾರ. ಮರುದಿನವೇ ಬಿಸ್ಮಾರ್ಕ್ ಅನ್ನೋ ಜರ್ಮನ್ ಯುದ್ಧನೌಕೆ ಬ್ರಿಟನ್ನಿನ ಹುಡ್ ಅನ್ನೋ ದೊಡ್ಡ ಹಡಗನ್ನ ಮುಳುಗಿಸಿತು. ವಿಜಯದ ಸುದ್ದಿ ಬಂದ ಮೇಲೆ ಹಿಂದಿನ ದಿನದ ಸಾವಿನ ಸುದ್ದಿಗೆ ಎಲ್ಲಿ ಜಾಗ?

ಸರ್ಕಾರ ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ರೆ ಜನ ಬಾಯಿ ಬಿಡ್ತಾರೆ. ಪ್ರೀನ್ ಸಮುದ್ರದಲ್ಲಿ ಸತ್ತಿಲ್ಲವಂತೆ, ಕೆಟ್ಟ ಟಾರ್ಪೆಡೊಗಳ ವಿಷಯಕ್ಕೆ ಮೇಲಿನವರ ಜೊತೆ ಜಗಳ ಆಡಿದನಂತೆ, ಹಿಡಿದು ಕ್ಯಾಂಪ್‌ಗೆ ಹಾಕಿದರಂತೆ, ಗುಂಡಿಟ್ಟು ಕೊಂದರಂತೆ, ರಷ್ಯಾ ಗಡಿಗೆ ಕಳಿಸಿದರಂತೆ. ಹೀಗೆ ಅಂತೆ-ಕಂತೆಗಳ ಸಂತೆಯೇ ಸೇರಿತು. ಇವುಗಳಲ್ಲಿ ಒಂದಕ್ಕೂ ಆಧಾರ ಸಿಕ್ಕಿಲ್ಲ. ಆದ್ರೆ ಯುದ್ಧ ಸೋತ ದೇಶದಲ್ಲಿ ಇಂಥ ಕತೆ ಬಹಳ ಅನುಕೂಲ. ನಮ್ಮ ವೀರ ನಾಜಿಗಳ ಹೀರೊ ಅಲ್ಲ, ನಾಜಿಗಳ ಬಲಿ ಅಂದುಬಿಟ್ರೆ ಮನಸ್ಸು ಹಗುರ ಆಗುತ್ತಲ್ಲ? ಓರ್ಕ್ನಿಯ ಗಡಿಯಾರದವನ ಹಾಗೆಯೇ ಇದೂ ಒಂದು ಅನುಕೂಲದ ಎಂಟ್ರಿ. ಎರಡನೆಯದು.

ಸರಿಹೋದ ಲೆಕ್ಕ, ತಪ್ಪಾದ ಉತ್ತರ

ಇನ್ನು ಮೂರನೆಯದು. ಇದು ಗಾಳಿಸುದ್ದಿ ಅಲ್ಲ, ಸರ್ಕಾರಿ ದಾಖಲೆ.

ಮಾರ್ಚ್ 8, ನಡುರಾತ್ರಿ ಕಳೆದ ಹೊತ್ತು. ಅದೇ ಕಾನ್ವಾಯ್‌ನ ಬೆಂಗಾವಲಲ್ಲಿದ್ದ ವುಲ್ವರಿನ್ ಅನ್ನೋ ಬ್ರಿಟಿಷ್ ಡೆಸ್ಟ್ರಾಯರ್ ಒಂದು ಜಲಾಂತರ್ಗಾಮಿಯನ್ನ ಕಂಡು ಬೆನ್ನಟ್ಟಿತು. ಜೊತೆಗೆ ವೆರಿಟಿ ಅನ್ನೋ ಇನ್ನೊಂದು ಹಡಗು. ಡೆಪ್ತ್ ಚಾರ್ಜ್ ಮೇಲೆ ಡೆಪ್ತ್ ಚಾರ್ಜ್ ಹಾಕಿದ್ರು. ನೀರಿನಡಿ ಕಿತ್ತಳೆ ಬಣ್ಣದ ಬೆಳಕು ಕಂಡಿತು ಅಂತ ವರದಿಯಾಯ್ತು. ಯಾರೂ ಬದುಕಿ ಮೇಲೆ ಬರಲಿಲ್ಲ.

ಈಗ ಬ್ರಿಟಿಷ್ ಅಧಿಕಾರಿಗಳ ಜಾಗದಲ್ಲಿ ಕೂತು ಯೋಚಿಸಿ. ಅವರ ಬಳಿ ಒಂದು ಕಡೆ ದಾಳಿಗಳ ಪಟ್ಟಿ, ಇನ್ನೊಂದು ಕಡೆ ಕಾಣೆಯಾದ ಜಲಾಂತರ್ಗಾಮಿಗಳ ಪಟ್ಟಿ. ಡೆಬಿಟ್ ಮತ್ತು ಕ್ರೆಡಿಟ್. ಯು-47 ಅದೇ ಕಾನ್ವಾಯ್ ಹತ್ತಿರ, ಅದೇ ದಿನಗಳಲ್ಲಿ ಕಾಣೆಯಾಗಿದೆ. ವುಲ್ವರಿನ್ ಅಲ್ಲೇ ಒಂದಕ್ಕೆ ಹೊಡೆದಿದೆ. ಎರಡನ್ನೂ ಜೋಡಿಸಿದ್ರೆ ಲೆಕ್ಕ ತಾಳೆ. ‘ಯು-47, ಮಾರ್ಚ್ 8ರಂದು ವುಲ್ವರಿನ್‌ನಿಂದ ನಾಶ’ ಅಂತ ದಾಖಲಾಯ್ತು. ಆ ಅಧಿಕಾರಿಗಳು ಸುಳ್ಳು ಹೇಳಲಿಲ್ಲ. ಇದ್ದ ಮಾಹಿತಿಯಲ್ಲಿ ಸಮಂಜಸವಾದ ತೀರ್ಮಾನವನ್ನೇ ಮಾಡಿದ್ರು. ನಾವಾದ್ರೂ ಹಾಗೇ ಬರೀತಿದ್ವಿ.

ಈ ಲೆಕ್ಕ ಒಡೆದಿದ್ದು ಎದುರು ಪಾರ್ಟಿಯ ಪುಸ್ತಕ ತೆರೆದಾಗ. ಯುದ್ಧ ಮುಗಿಯುವಾಗ ಜರ್ಮನ್ ನೌಕಾಪಡೆಯ ಕಾಗದಪತ್ರಗಳು ಮಿತ್ರಪಡೆಗಳ ಕೈಗೆ ಸಿಕ್ಕಿದ್ದವು. ಪ್ರತಿ ಜಲಾಂತರ್ಗಾಮಿಯೂ ದಿನದಿನದ ಲಾಗ್‌ಬುಕ್ ಬರೀಬೇಕಿತ್ತು. ಯುಎ ನೆನಪಿದೆಯಲ್ಲ? ಅದೇ ಹಿಂಡಿನಲ್ಲಿದ್ದ ದೊಡ್ಡ ಜಲಾಂತರ್ಗಾಮಿ. ಆ ರಾತ್ರಿ, ಆ ಜಾಗದಲ್ಲಿ ಡೆಸ್ಟ್ರಾಯರ್‌ನಿಂದ ಡೆಪ್ತ್ ಚಾರ್ಜ್ ಏಟು ತಿಂದು ಜಖಂ ಆಗಿದ್ದು ಅದು. ಕಷ್ಟಪಟ್ಟು ಬಂದರಿಗೆ ಮರಳಿತ್ತು. ಸಮಯ, ಜಾಗ ಎರಡೂ ವುಲ್ವರಿನ್‌ನ ವರದಿಗೆ ಹೊಂದಿಕೆಯಾದವು. ವುಲ್ವರಿನ್ ಹೊಡೆದಿದ್ದು ಯುಎಗೆ, ಯು-47ಕ್ಕೆ ಅಲ್ಲ. ಮುಳುಗಿಸಿದೆ ಅಂತ ದಾಖಲಾಗಿದ್ದ ಹಡಗು ಅಸಲಿಗೆ ಮುಳುಗಿಸಿಯೇ ಇರಲಿಲ್ಲ.

ಬ್ರಿಟಿಷ್ ರಕ್ಷಣಾ ಇಲಾಖೆಯ ರಾಬರ್ಟ್ ಕೊಪಾಕ್, ಜರ್ಮನಿಯ ಆಕ್ಸೆಲ್ ನೀಸ್ಟ್ಲೆ ಅಂಥವರು ದಶಕಗಟ್ಟಲೆ ಕೂತು ಮಾಡಿದ ಕೆಲಸ ಇದೇ. ಒಂದೊಂದು ನಷ್ಟದ ದಾಖಲೆಯನ್ನೂ ತೆಗೆದು, ಎರಡೂ ಕಡೆಯ ಪುಸ್ತಕ ಅಕ್ಕಪಕ್ಕ ಇಟ್ಟು ತಾಳೆ ನೋಡಿದ್ರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಬ್ಯಾಂಕ್ ಪಾಸ್‌ಬುಕ್ ಮತ್ತು ನಮ್ಮ ಕ್ಯಾಶ್‌ಬುಕ್ ಒಟ್ಟಿಗೆ ಇಟ್ಟು ರಿಕನ್ಸಿಲಿಯೇಶನ್ ಮಾಡಿದ ಹಾಗೆ. ಯು-47 ಒಂದೇ ಅಲ್ಲ, ಎಷ್ಟೋ ಎಂಟ್ರಿಗಳು ರದ್ದಾದವು. ಮುಳುಗಿಸಿದವರು ಯಾರು ಅನ್ನೋ ಕಾಲಂನಲ್ಲಿ ಹಡಗಿನ ಹೆಸರು ಹೋಗಿ ‘ಕಾರಣ ತಿಳಿದಿಲ್ಲ’ ಅಂತ ಬಂತು.

ಇದು ಎಷ್ಟು ದೂರ ಹೋಗಬಹುದು ಅನ್ನೋದಕ್ಕೆ ಇನ್ನೊಂದು ಉದಾಹರಣೆ. ಯು-869 ಅನ್ನೋ ಜಲಾಂತರ್ಗಾಮಿ 1945ರ ಫೆಬ್ರವರಿಯಲ್ಲಿ ಜಿಬ್ರಾಲ್ಟರ್ ಹತ್ತಿರ ಮುಳುಗಿತು ಅಂತ ದಾಖಲೆ ಇತ್ತು. 1991ರಲ್ಲಿ ಅಮೆರಿಕದ ನ್ಯೂಜೆರ್ಸಿ ಕರಾವಳಿಯಾಚೆ ಮುಳುಗುಗಾರರಿಗೆ ಒಂದು ಜರ್ಮನ್ ಜಲಾಂತರ್ಗಾಮಿ ಸಿಕ್ಕಿತು. ಅಲ್ಲಿ ಯಾವುದೂ ಮುಳುಗಿದ ದಾಖಲೆಯೇ ಇಲ್ಲ. ಒಳಗೆ ಹೊರೆನ್‌ಬರ್ಗ್ ಅನ್ನೋ ಹೆಸರು ಕೆತ್ತಿದ ಚಾಕು ಸಿಕ್ಕಿತು. ಆ ಹೆಸರಿನವನು ಇದ್ದದ್ದು ಯು-869ರಲ್ಲಿ. ಆದ್ರೆ ಅದು ಜಿಬ್ರಾಲ್ಟರ್‌ನಲ್ಲಿ ಮುಳುಗಿದೆಯಲ್ಲ, ಆಗಲ್ಲ ಬಿಡಿ ಅಂದ್ರು. ಕೈಯಲ್ಲಿ ಚಾಕು ಇದೆ, ಆದ್ರೂ ನಂಬಿಕೆ ಕಾಗದದ ಮೇಲೆ. ಇದರ ಹುಡುಕಾಟದಲ್ಲಿ ಮೂವರು ಮುಳುಗುಗಾರರು ಪ್ರಾಣ ಬಿಟ್ಟರು. 1997ರಲ್ಲಿ ನಂಬರ್ ಇದ್ದ ಒಂದು ಪಟ್ಟಿ ಸಿಕ್ಕಿ, ಅದು ಯು-869 ಅಂತ ಖಚಿತವಾಯ್ತು. ಐವತ್ತು ವರ್ಷ ಆ ನಾವಿಕರ ಮನೆಯವರು ಸಾವಿರಾರು ಕಿಲೊಮೀಟರ್ ಆಚೆಯ ಸಮುದ್ರವನ್ನ ತಮ್ಮವರ ಸಮಾಧಿ ಅನ್ಕೊಂಡಿದ್ರು.

ಹಾಗಾದ್ರೆ ಯು-47ಕ್ಕೆ ಏನಾಯ್ತು? ಕಮೀಲಿಯ ಮತ್ತು ಆರ್ಬ್ಯೂಟಸ್ ಮಾರ್ಚ್ 7ರಂದು ಹಾಕಿದ ಡೆಪ್ತ್ ಚಾರ್ಜ್‌ಗಳಲ್ಲಿ ಕೆಲವು ಇದಕ್ಕೂ ತಗುಲಿರಬಹುದು ಅನ್ನೋದು ಒಂದು ವಾದ. ತನ್ನದೇ ಟಾರ್ಪೆಡೊ ದಾರಿ ತಪ್ಪಿ ಸುತ್ತು ಹೊಡೆದು ಬಂದು ತನಗೇ ತಗುಲಿರಬಹುದು ಅನ್ನೋದು ಇನ್ನೊಂದು. ಆಗಿನ ಟಾರ್ಪೆಡೊಗಳ ಗುಣ ಹೇಳಿದೆನಲ್ಲ, ಮತ್ತೆ ಅಮೆರಿಕದ ಟ್ಯಾಂಗ್ ಅನ್ನೋ ಸಬ್‌ಮರೀನ್ 1944ರಲ್ಲಿ ಹಾಗೇ ಮುಳುಗಿದ್ದು. ಮುಳುಗುವಾಗ ಯಂತ್ರ ಕೈಕೊಟ್ಟಿರಬಹುದು. ತೇಲೋ ಮೈನ್‌ಗೆ ಬಡಿದಿರಬಹುದು. ಒಂದಕ್ಕೂ ಸಾಕ್ಷಿ ಇಲ್ಲ. ಇವುಗಳಲ್ಲಿ ನಿಮಗೆ ಇಷ್ಟವಾದದ್ದು ಆರಿಸಿಕೊಳ್ಳಿ ಅಂತ ನಾನು ಹೇಳಲ್ಲ. ಆರಿಸಿಕೊಂಡು ಆರಿಸಿಕೊಂಡೇ ಇಷ್ಟು ತಪ್ಪು ಎಂಟ್ರಿಗಳಾಗಿದ್ದು.

‘ಗೊತ್ತಿಲ್ಲ’ ಅನ್ನೋ ಸಂಪಾದನೆ

ನನಗೆ ಈ ಕತೆಯಲ್ಲಿ ಮುಖ್ಯ ಅನ್ನಿಸೋದು ಇಷ್ಟೇ. ನಾವು ‘ಕಾರಣ ತಿಳಿದಿಲ್ಲ’ ಅನ್ನೋದನ್ನ ಸೋಲು ಅನ್ಕೋತೀವಿ. ಯು-47ರ ವಿಷಯದಲ್ಲಿ ಅದು ಜನರ ಶ್ರಮದ ಸಂಪಾದನೆ. ಮೊದಲು ಎಲ್ಲರಿಗೂ ‘ಗೊತ್ತಿತ್ತು’. ಬ್ರಿಟಿಷರಿಗೆ ಗೂಢಚಾರ ಗೊತ್ತಿದ್ದ, ಜರ್ಮನ್ನರಿಗೆ ಜೈಲು ಗೊತ್ತಿತ್ತು, ದಾಖಲೆಗೆ ವುಲ್ವರಿನ್ ಗೊತ್ತಿತ್ತು. ಹಳೇ ಲಾಗ್‌ಬುಕ್ ಇಟ್ಟುಕೊಂಡು ಗಂಟೆ ನಿಮಿಷ ತಾಳೆ ನೋಡಿದವರು ಬಂದ ಮೇಲೆ ‘ಗೊತ್ತಿಲ್ಲ’ ಅನ್ನೋ ಸತ್ಯಕ್ಕೆ ತಲುಪಿದ್ವಿ. ತಪ್ಪು ಖಾತೆಯಿಂದ ಎತ್ತಿ ಸಸ್ಪೆನ್ಸ್ ಅಕೌಂಟ್‌ಗೆ ಹಾಕೋದೂ ಕೆಲಸವೇ.

ಇದರಲ್ಲಿ ಮನುಷ್ಯರ ಪಾಲೂ ಇದೆ. ಜರ್ಮನ್ ಜಲಾಂತರ್ಗಾಮಿಗಳಲ್ಲಿ ಕೆಲಸ ಮಾಡಿದ ಸುಮಾರು 40 ಸಾವಿರ ಜನರಲ್ಲಿ ನಾಲ್ಕರಲ್ಲಿ ಮೂವರು ವಾಪಸ್ ಬರಲಿಲ್ಲ. ಸ್ಕಾಪಾ ಫ್ಲೋದಲ್ಲಿ ಪ್ರೀನ್ ಪಕ್ಕದಲ್ಲಿದ್ದ ಎಂಗೆಲ್‌ಬರ್ಟ್ ಎಂಡ್ರಾಸ್ ಆಮೇಲೆ ತಾನೇ ಕ್ಯಾಪ್ಟನ್ ಆಗಿ, 1941ರ ಡಿಸೆಂಬರ್‌ನಲ್ಲಿ ಯು-567 ಜೊತೆ ಮುಳುಗಿದ. ಅವರು ಮುಳುಗಿಸಿದ ಹಡಗುಗಳಲ್ಲಿ ಸತ್ತವರ ಸಂಖ್ಯೆಯೂ ಹತ್ತಾರು ಸಾವಿರ. ಸತ್ತವರ ಮನೆಯಲ್ಲಿ ಕೇಳೋ ಪ್ರಶ್ನೆ ಎಲ್ಲ ಕಡೆಯೂ ಒಂದೇ: ಹೇಗಾಯ್ತು? ಆ ಪ್ರಶ್ನೆಗೆ ಬಾಯಿಗೆ ಬಂದ ಉತ್ತರ ಕೊಡೋದು ದಯೆ ಅಲ್ಲ ಅಂತ ನನಗನ್ನಿಸುತ್ತೆ.

ಸ್ಕಾಪಾ ಫ್ಲೋದಲ್ಲಿ ರಾಯಲ್ ಓಕ್ ಇವತ್ತಿಗೂ ತಲೆಕೆಳಗಾಗಿ ಬಿದ್ದಿದೆ. ಕಾನೂನಿನಿಂದ ರಕ್ಷಿತ ಸಮಾಧಿ ಅದು, ಅನುಮತಿ ಇಲ್ಲದೆ ಯಾರೂ ಮುಳುಗಿ ನೋಡೋ ಹಾಗಿಲ್ಲ. ವರ್ಷಕ್ಕೊಮ್ಮೆ ನೌಕಾಪಡೆಯ ಮುಳುಗುಗಾರರು ಕೆಳಗಿಳಿದು ಹೊಸ ಬಾವುಟ ಕಟ್ಟಿ ಬರ್ತಾರೆ. ಯು-47 ನುಗ್ಗಿದ ಸಂದಿಯ ಮೇಲೆ ಈಗ ರಸ್ತೆಯೇ ಇದೆ. ಆ ದಾಳಿ ಆದ ಮೇಲೆ ಚರ್ಚಿಲ್ ಹೇಳಿ ಕಟ್ಟಿಸಿದ ತಡೆಗೋಡೆ ಅದು. ಕಟ್ಟಿದವರಲ್ಲಿ ಇಟಲಿಯ ಯುದ್ಧಕೈದಿಗಳೂ ಇದ್ದರು. ತಮ್ಮ ಪ್ರಾರ್ಥನೆಗೆ ಅಂತ ಅವರು ಎರಡು ತಗಡಿನ ಶೆಡ್ ಸೇರಿಸಿ ಮಾಡಿದ ಚರ್ಚ್ ಇವತ್ತೂ ಅಲ್ಲಿದೆ. ಓರ್ಕ್ನಿಗೆ ಹೋದವರು ಅದನ್ನ ನೋಡದೆ ಬರಲ್ಲ.

ಯು-47ಕ್ಕೆ ಬಾವುಟ ಕಟ್ಟೋಕೆ ಜಾಗವೇ ಗೊತ್ತಿಲ್ಲ. ರಾಕಾಲ್ ಅನ್ನೋ ಒಂಟಿ ಬಂಡೆಯ ಉತ್ತರಕ್ಕೆ, ಐಸ್‌ಲ್ಯಾಂಡಿನ ದಕ್ಷಿಣಕ್ಕೆ, ಎಲ್ಲೋ ಆಳದಲ್ಲಿ ಇರಬೇಕು. ನಾಳೆ ಯಾವುದಾದ್ರೂ ಸರ್ವೆ ಹಡಗಿನ ಸೋನಾರ್ ಪರದೆ ಮೇಲೆ 66 ಮೀಟರ್ ಉದ್ದದ ಗೆರೆಯೊಂದು ಮೂಡಿದ್ರೆ, ಈ ಎಪಿಸೋಡನ್ನ ತಿದ್ದಿ ಮತ್ತೆ ರೆಕಾರ್ಡ್ ಮಾಡ್ತೀನಿ. ಅಲ್ಲಿವರೆಗೂ ಈ 45 ಜನರ ಎಂಟ್ರಿ ಸಸ್ಪೆನ್ಸ್‌ನಲ್ಲೇ ಇರಲಿ.